ತೂಕದ ಮನುಷ್ಯನಿಗೊಂದು ದೋಣಿ

ಫೆಬ್ರವರಿ 4

ಅತ್ತೇ, ನಾವು ದೋಣಿ ಕೊಳ್ಳುತ್ತಿದ್ದೇವೆ! ಆ ‘ನಾವು’ಗಳಲ್ಲಿ ಒಬ್ಬರಿಗೆ, ಅಂದರೆ ನಿಮ್ಮ ಮಗನಿಗೆ, ವಿಷಯ ಇನ್ನೂ ಗೊತ್ತಿಲ್ಲ. ಹದಿನಾರಕ್ಕೆ ಇವರ ಹುಟ್ಟಿದ ದಿನವಲ್ಲವೇ, ಅದಕ್ಕೆ ನನ್ನ ಉಡುಗೊರೆ. ದಯವಿಟ್ಟು ಬಾಯಿ ಬಿಡಬೇಡಿ. ನೀವು ಫೋನಿನಲ್ಲಿ ಮಾತಾಡದಿರುವುದು ಈ ಒಂದು ವಿಷಯದಲ್ಲಿ ಅನುಕೂಲವೇ ಆಯಿತು. ಅಯ್ಯೋ, ಕಿವಿ ಕೇಳಿಸದಿರುವುದನ್ನು ಅನುಕೂಲ ಎಂದು ಬರೆದುಬಿಟ್ಟೆನಲ್ಲ! ಕ್ಷಮಿಸಿ. ನಾನು ಹೀಗೇ. ಬಾಯಿ ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ಚಪ್ಪಲಿ ಹುಡುಕಿಕೊಂಡು ಬರುತ್ತದೆ.

ದೋಣಿ ಎಂದರೆ ದೊಡ್ಡದಲ್ಲ, ಕಯಾಕ್. ಒಂದು ಹುಟ್ಟು, ಅದರ ಎರಡೂ ತುದಿಗೆ ಅಲಗು, ಬೆನ್ನ ಹಿಂದೆ ಗಾಳದ ಕೋಲು ನಿಲ್ಲಿಸಲು ತೂತು. ಮೀನು ಹಿಡಿಯುವವರಿಗೆಂದೇ ಮಾಡಿದ್ದು. ಮದುವೆಯಾದಾಗಿನಿಂದ ಭಾನುವಾರ ಬಂತೆಂದರೆ ನಾನೂ ಇವರ ಜೊತೆ ಕೆರೆಗೆ ಹೋಗುತ್ತೇನೆ. ಇವರ ಜೊತೆ ಹಲ್ಲಿನ ಸೆಟ್ ಮಾಡುವ ಲ್ಯಾಬಿನ ಗೆಳೆಯರೆಲ್ಲ ಬಾಡಿಗೆ ದೋಣಿ ಹತ್ತಿ ನೀರಿನ ನಡುವೆ ಹೋಗಿಬಿಡುತ್ತಾರೆ. ಇವರು ಮಾತ್ರ ದಡ ಬಿಡುವುದಿಲ್ಲ. “ಇಲ್ಲೇ ಚೆನ್ನಾಗಿದೆ” ಅನ್ನುತ್ತಾರೆ. ಆದರೆ ಕಣ್ಣು ಪೂರ್ತಿ ನಡುನೀರಿನಲ್ಲಿ! ನನಗೆ ಅರ್ಥವಾಗುವುದಿಲ್ಲವೇ? ಪಾಪ, ಯಾರನ್ನೂ ಕೇಳುವ ಸ್ವಭಾವವಲ್ಲ. ಅಷ್ಟು ಜೆಂಟಲ್‌ಮನ್. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಜನ ಹೆಚ್ಚಾಗಿ ಗಂಟೆ ಹೊಡೆದುಕೊಂಡರೆ ಮೊದಲು ಇಳಿಯುವವರು ಇವರೇ. “ನೀವೆಲ್ಲ ಹೋಗಿ, ನನಗೊಂದು ಫೋನ್ ಮಾಡೋದಿದೆ” ಅಂತ ಮೆಟ್ಟಿಲು ಹತ್ತಿಕೊಂಡು ಬರುತ್ತಾರೆ. ಎಂಥ ಗಂಡನನ್ನು ಕೊಟ್ಟಿದ್ದೀರಿ ಅತ್ತೆ!

ಹೋಟೆಲಿನ ರಿಸೆಪ್ಷನ್ನಿನಲ್ಲಿ ಅತಿಥಿಗಳಿಲ್ಲದ ಹೊತ್ತಿನಲ್ಲೆಲ್ಲ ಕಯಾಕ್ ವಿಡಿಯೋಗಳನ್ನೇ ನೋಡುತ್ತಿದ್ದೇನೆ. ಒಳಗೆ ಕಾಲು ತೂರಿಸಿ ಕೂರುವ ಬಗೆ ಒಂದು, ಮೇಲೆ ಕೂರುವ ಬಗೆ ಇನ್ನೊಂದು. ಅಗಲವಾದದ್ದು ಅಲುಗಾಡುವುದಿಲ್ಲ, ಆದರೆ ನಿಧಾನ. ಕಿರಿದಾದದ್ದು ಬಾಣದ ಹಾಗೆ ಹೋಗುತ್ತದೆ, ಆದರೆ ಸೀನಿದರೂ ಮಗುಚುತ್ತದಂತೆ. ನನಗೆ ಹಳದಿ ಬಣ್ಣದ ಜೋಡಿ ಸೀಟಿನದು ಬೇಕು. ಮುಂದೆ ನಾನು, ಹಿಂದೆ ಇವರು. ಮೀನು ಸಿಗದಿದ್ದರೂ ಪರವಾಗಿಲ್ಲ!

ಈಗ ಮುಖ್ಯ ವಿಷಯ. ಅಂಗಡಿಯವರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ “ಕೂರೋರ ತೂಕ ಎಷ್ಟು ಮೇಡಂ?” ಪ್ರತಿ ದೋಣಿಗೂ ಇಂತಿಷ್ಟೇ ಹೊರಬೇಕೆಂಬ ಮಿತಿ ಇದೆಯಂತೆ. ಇವರನ್ನು ಕೇಳಿದರೆ ಗುಟ್ಟು ಬಯಲಾಗುತ್ತದೆ. ಮನೆಯಲ್ಲಿ ತೂಕದ ಯಂತ್ರವೂ ಇಲ್ಲ. ನೀವು ಟೈಲರ್, ಹುಟ್ಟಿದಾಗಿನಿಂದ ಇವರ ಅಂಗಿ ಹೊಲಿದವರು. ನಿಮಗೆ ಗೊತ್ತಿಲ್ಲದೆ ಇರುತ್ತದೆಯೇ? ಬೇಗ ಬರೆಯಿರಿ, ಪ್ಲೀಸ್, ಪ್ಲೀಸ್.

ನಿಮ್ಮ ಮುದ್ದಿನ ಸೊಸೆ

ತಾಜಾ ಕಲಂ: ಶಾಲೆಯಲ್ಲಿ ಕನ್ನಡವನ್ನು ಬಾಯಿಪಾಠ ಮಾಡಿ ಪಾಸಾದವಳು ನಾನು. ತಪ್ಪಿದ್ದರೆ ನಗಬೇಡಿ.


ಫೆಬ್ರವರಿ 10

ಸೊಸೆಗೆ ನಿನ್ನ ಅತ್ತೆ ಬರೆಯುವುದು.

ನಿನ್ನ ಕಾಗದ ಓದಿ ಸಂತೋಷವಾಯಿತು. ಅವನಿಗೆ ನೀರಿನ ನಡುವೆ ಹೋಗುವ ಆಸೆ ಇದೆಯೆಂದು ನೀನು ಕಂಡುಕೊಂಡೆಯಲ್ಲ, ಅಷ್ಟು ಸಾಕು ನನಗೆ.

ಆದರೆ ನೀನು ಕೇಳಿದ್ದನ್ನು ನಾನು ಹೇಳುವುದಿಲ್ಲ. ಬೇಸರ ಮಾಡಿಕೊಳ್ಳಬೇಡ. ನಮ್ಮ ಅಂಗಡಿಯಲ್ಲಿ ಯಾರ ಅಳತೆಯನ್ನೂ ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಟೇಪು ಹಿಡಿಯುತ್ತೇನೆ, ಚೀಟಿಯಲ್ಲಿ ಬರೆಯುತ್ತೇನೆ, ಮಡಚಿ ಬಟ್ಟೆಗೆ ಗುಂಡುಸೂಜಿ ಚುಚ್ಚುತ್ತೇನೆ. ಪಕ್ಕದಲ್ಲಿ ನಿಂತ ಗಂಡನಿಗೂ ಹೆಂಡತಿಯ ಸೊಂಟದ ಸುತ್ತು ತಿಳಿಯುವುದಿಲ್ಲ. ಮಗನಾದರೂ ಅದೇ ನಿಯಮ.

ತೂಕ ಕೇಳಿದೆಯಲ್ಲ, ಒಂದು ಮಾತು ಮಾತ್ರ ಹೇಳುತ್ತೇನೆ. ನನ್ನ ಮಗ ತೂಕದ ಮನುಷ್ಯ. ಚಿಕ್ಕಂದಿನಿಂದಲೂ ಹಾಗೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ದೋಣಿ ಆರಿಸು. ಉಳಿದದ್ದನ್ನು ಅವನನ್ನೇ ಕೇಳು, ಇಬ್ಬರೇ ಇರುವಾಗ.

ಜೋಡಿ ಸೀಟು ನಿನ್ನ ಆಸೆ. ಅವನ ಆಸೆ ಏನೆಂದು ಕೇಳಿದೆಯಾ?

ನಿನ್ನ ಅತ್ತೆ


ಫೆಬ್ರವರಿ 17

ನನ್ನ ತಮಾಷೆಯ ಅತ್ತೆ,

ನೀವು ಇಷ್ಟೊಂದು ತಮಾಷೆ ಮಾಡುತ್ತೀರೆಂದು ನನಗೆ ಗೊತ್ತೇ ಇರಲಿಲ್ಲ! ಮದುವೆಯ ದಿನ ನಿಮ್ಮ ಮುಖ ನೋಡಿ ನಾನು ಹೆದರಿದ್ದೆ, ನಿಜ ಹೇಳುತ್ತೇನೆ. ನಿನ್ನೆ ನಿಮ್ಮ ಆ ಒಂದು ಸಾಲಿಗೆ ಇಡೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೊದಲಿಂದ ಹೇಳುತ್ತೇನೆ. ಹುಟ್ಟಿದ ದಿನವೆಂದು ಲ್ಯಾಬಿನ ಗೆಳೆಯರನ್ನೂ ಕರೆದಿದ್ದೆ. ಅವರಲ್ಲಿ ಒಬ್ಬ ‘ಕಡ್ಡಿ’ ಅಂತ, ಹೆಸರಿಗೆ ತಕ್ಕ ಹಾಗೆ ಗಾಳಿಗೆ ಹಾರಿಹೋಗುವವನು. ಬಾಯಿ ಮಾತ್ರ ಬಲು ಜೋರು. ಇವರಿಗೆ ಏನೂ ಹೇಳದೆ ಅಂಗಡಿಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆವು. ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಗೋಡೆಯುದ್ದಕ್ಕೂ ಒರಗಿಸಿ ನಿಲ್ಲಿಸಿದ ದೋಣಿಗಳು. ಇವರ ಮುಖ ನೋಡಬೇಕಿತ್ತು ಅತ್ತೆ, ಆಟದ ಸಾಮಾನಿನ ಅಂಗಡಿಗೆ ಹೊಕ್ಕ ಹುಡುಗನ ಹಾಗೆ! ಒಂದೊಂದನ್ನೂ ಅಂಗೈಯಲ್ಲಿ ಸವರಿದರು. ತಳ ನೋಡಿದರು, ಸೀಟು ಎತ್ತಿ ನೋಡಿದರು.

ಆಮೇಲೆ ಅಂಗಡಿಯಾತ ಕನ್ನಡಕ ಹಣೆಗೇರಿಸಿ ಕೇಳಿದ, “ಯಾರು ಸಾರ್ ಕೂರೋದು? ನೀವಾ? ತೂಕ ಎಷ್ಟು?”

ಇವರು “ಅದು... ಅಂದಾಜು...” ಅಂತ ಒಂದು ಹುಟ್ಟನ್ನು ಹಿಡಿದು ನೋಡತೊಡಗಿದರು.

ಕಡ್ಡಿ, “ಅಂದಾಜು ಹೇಳಿದ್ರೆ ಮುಳುಗ್ತೀಯ ಕಣೋ!” ಅಂದ.

ನಾನು ಬಿಡುತ್ತೇನೆಯೇ? “ಇರಿ, ಇರಿ, ನನ್ ಹತ್ರ ಸರ್ಟಿಫಿಕೇಟ್ ಇದೆ, ಹೆತ್ತಮ್ಮನೇ ಕೊಟ್ಟಿದ್ದು!” ಅಂತ ಬ್ಯಾಗಿನಿಂದ ನಿಮ್ಮ ಕಾಗದ ತೆಗೆದು ಜೋರಾಗಿ ಓದಿದೆ. “ನನ್ನ ಮಗ ತೂಕದ ಮನುಷ್ಯ. ಚಿಕ್ಕಂದಿನಿಂದಲೂ ಹಾಗೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ದೋಣಿ ಆರಿಸು.” ಅಯ್ಯೋ, ಆ ನಗು! ಅಂಗಡಿಯಾತನೂ ನಕ್ಕು, “ಹಾಗಾದ್ರೆ ಆ ಕೊನೇದು ನೋಡಿ, ಆನೆ ಕೂತ್ರೂ ಏನೂ ಆಗಲ್ಲ” ಅಂದ. ಇವರೂ ನಕ್ಕರು. ನಗುತ್ತಲೇ, ಕಾರು ಸರಿಯಾಗಿ ನಿಲ್ಲಿಸಿದ್ದೇವೋ ಇಲ್ಲವೋ ನೋಡಿ ಬರುತ್ತೇನೆಂದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಫೋನಿಗೆ ಮೆಸೇಜು: ಯಾರದೋ ಹಲ್ಲಿನ ಸೆಟ್ ಅರ್ಜೆಂಟಾಗಿ ಕೊಡಬೇಕಂತೆ, ಬಸ್ಸಿನಲ್ಲಿ ಹೋಗುತ್ತಿದ್ದಾರಂತೆ. ಭಾನುವಾರವೂ ಬಿಡುವುದಿಲ್ಲ ನೋಡಿ ಆ ಲ್ಯಾಬಿನವರು!

ದೋಣಿ ಇನ್ನೂ ಆರಿಸಿಲ್ಲ. ಇವರು ಸಂತೋಷಕ್ಕೆ ಮಾತೇ ಆಡುತ್ತಿಲ್ಲ. ಹುಟ್ಟಿದ ದಿನದ ಊಟವನ್ನೂ ಅರ್ಧಕ್ಕೆ ಬಿಟ್ಟು ಬೇಗ ಮಲಗಿಬಿಟ್ಟರು.

ನಿಮ್ಮ ಸೊಸೆ


ಫೆಬ್ರವರಿ 22

ಸೊಸೆಗೆ,

ನಿನ್ನ ಕಾಗದ ಬಂದ ದಿನ ಒಂದು ಉತ್ತರ ಬರೆದೆ. ಅದನ್ನು ಹರಿದು ಹಾಕಿದ್ದೇನೆ. ಇದು ಎರಡನೆಯದು.

ನಾನು ತಮಾಷೆ ಮಾಡಿರಲಿಲ್ಲ.

ತೂಕದ ಮನುಷ್ಯ ಎಂದರೆ ದಪ್ಪಗಿರುವವನು ಎಂದಲ್ಲ. ಯೋಚಿಸಿ ಮಾತಾಡುವವನು, ಆಡಿದ ಮಾತಿಗೆ ಬೆಲೆಯುಳ್ಳವನು, ಗಾಳಿ ಬೀಸಿದ ಕಡೆ ವಾಲದವನು. ನಾಲ್ಕು ಜನ ಕೂತಲ್ಲಿ ಅವನು ಬಾಯಿ ತೆರೆದರೆ ಉಳಿದವರು ಸುಮ್ಮನಾಗುತ್ತಾರೆ. ಅಂಥವನನ್ನು ನಮ್ಮ ಮಾತಿನಲ್ಲಿ ಹಾಗೆ ಕರೆಯುತ್ತೇವೆ. ಒಬ್ಬ ಗಂಡಸಿನ ಬಗ್ಗೆ ಅದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಅದನ್ನು ನೀನು ಅಂಗಡಿಯಲ್ಲಿ ಓದಿ ನಗಿಸಿದೆ.

ಅವನು ದಪ್ಪಗಿದ್ದಾನೆ. ಹುಡುಗನಾಗಿದ್ದಾಗಲೂ ಇದ್ದ. ಬಾಡಿಗೆ ದೋಣಿಯವರು ಅವನನ್ನು ಕಂಡು ಏನೇನು ಅನ್ನುತ್ತಾರೆಂದು ನಿನಗೆ ಗೊತ್ತಿಲ್ಲ. ಅವನಿಗೆ ಗೊತ್ತು. ಅದಕ್ಕೇ ದಡದಲ್ಲಿ ನಿಲ್ಲುತ್ತಾನೆ. ಅಂಥವನು, ತಾಯಿಯೂ ತನ್ನನ್ನು ಆಡಿಕೊಂಡಳು ಎಂದುಕೊಂಡರೆ?

ಪ್ರತಿ ವಾರ ತಪ್ಪದೆ ಬರುತ್ತಿದ್ದ ಅವನ ಕಾಗದ ಈ ವಾರ ಬಂದಿಲ್ಲ.

ಅವನು ಗಾಳ ತೆಗೆದುಕೊಂಡು ಕೆರೆಗೆ ಹೋದನೇ? ಅಷ್ಟು ಬರೆ.

ಅತ್ತೆ


ಫೆಬ್ರವರಿ 27

ಅತ್ತೆ,

ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಿಮ್ಮ ಕಾಗದವನ್ನು ರಿಸೆಪ್ಷನ್ ಮೇಜಿನ ಹಿಂದೆ ನಿಂತೇ ಒಡೆದೆ. ಓದುತ್ತಿದ್ದ ಹಾಗೆ ಎದುರಿಗೆ ಒಬ್ಬ ಅತಿಥಿ ಕೋಣೆಯ ಕೀ ಕೇಳುತ್ತಿದ್ದರು. ಅವರಿಗೆ ಬೇರೆ ಯಾರದೋ ಕೋಣೆಯ ಕೀ ಕೊಟ್ಟೆ. ಆಮೇಲೆ ಹಾಸಿಗೆಯ ಬಟ್ಟೆಗಳನ್ನಿಡುವ ಕೋಣೆಗೆ ಹೋಗಿ, ಮಡಚಿಟ್ಟ ಟವೆಲುಗಳಲ್ಲಿ ಮುಖ ಒತ್ತಿಕೊಂಡು ಕೂತೆ. ಮುಖ ಕಿವಿಯವರೆಗೂ ಉರಿಯುತ್ತಿತ್ತು.

ಕೆರೆಗೆ ಹೋಗಲಿಲ್ಲ ಅತ್ತೆ. ಶನಿವಾರ ಸಂಜೆ ಗಾಳದ ಸುರುಳಿಗೆ ಎಣ್ಣೆ ಹಾಕಿ, ಒರೆಸಿ, ಕೋಲುಗಳಿಗೆ ಕವರು ತೊಡಿಸಿ ಕಪಾಟಿನ ಮೇಲೆ ಮಲಗಿಸಿದರು. ನಾನು ಹಿಂದೆ ನಿಂತು, “ಎಷ್ಟು ನೀಟು ನಮ್ಮ ಸಾರ್!” ಅಂದೆ. ಎತ್ತಿಡುತ್ತಿದ್ದಾರೆಂದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ವಿಷಯವಿದೆ. ಬರೆಯಲು ಕೈ ಬರುತ್ತಿಲ್ಲ. ಲ್ಯಾಬಿನಲ್ಲಿ ಈಗ ಇವರನ್ನು ಅದೇ ಮಾತಿನಿಂದ ಕರೆಯುತ್ತಾರೆ. ಮೊನ್ನೆ ಫೋನಿನಲ್ಲಿ ಕಡ್ಡಿಯ ದನಿ ಕೇಳಿಸಿತು, “ಎಲ್ಲಪ್ಪಾ ನಮ್ಮ ತೂಕದ ಮನುಷ್ಯ?” ನಾನೂ ನಕ್ಕಿದ್ದೆ. ಇವರು ನನ್ನತ್ತ ನೋಡಿ, “ಹ್ಞೂಂ, ಬಂದೆ” ಅಂದರು ಅಷ್ಟೆ. ನೀವು ಕೊಟ್ಟ ದೊಡ್ಡ ಮಾತನ್ನು ನಾನು ಅಡ್ಡಹೆಸರು ಮಾಡಿಬಿಟ್ಟೆ.

ಲಿಫ್ಟಿನ ಕಥೆಯನ್ನು ಎಷ್ಟು ಜಂಬದಿಂದ ಬರೆದಿದ್ದೆ ನಿಮಗೆ! ನಿನ್ನೆ ಮತ್ತೆ ಗಂಟೆ ಹೊಡೆಯಿತು. ಇವರು ಇಳಿಯುವ ಮೊದಲು ಒಳಗಿದ್ದವರೆಲ್ಲ ಯಾರ ಮುಖ ನೋಡಿದರೆಂದು ಈ ಸಲ ನಾನು ಕಂಡೆ. ನಾನೂ ಇಳಿದೆ. ಇಬ್ಬರೂ ಮೆಟ್ಟಿಲು ಹತ್ತಿದೆವು. “ನೀನ್ಯಾಕೆ ಇಳಿದೆ?” ಅಂದರು. “ನನಗೂ ಒಂದು ಫೋನ್ ಮಾಡೋದಿತ್ತು” ಅಂದೆ. ಅದೂ ತಪ್ಪಾಯಿತೇನೋ. ಇವರು ನನಗಿಂತ ಮುಂದೆ ಹತ್ತಿಹೋದರು.

ಇವರಿಗೆ ಇನ್ನೂ ಹೇಳಿಲ್ಲ ಅತ್ತೆ. ದಿನವೂ ಊಟದ ಹೊತ್ತಿಗೆ ಹೇಳೋಣವೆಂದು ಬಾಯಿ ತೆರೆಯುತ್ತೇನೆ, ನೀರು ಕುಡಿದು ಮುಚ್ಚುತ್ತೇನೆ. ಆದರೆ ಒಂದು ಉಪಾಯ ಮಾಡಿದ್ದೇನೆ. ನಾಳೆ ಮಧ್ಯಾಹ್ನ ಕೇಕ್ ತೆಗೆದುಕೊಂಡು ಲ್ಯಾಬಿಗೆ ಹೋಗುತ್ತೇನೆ. ಎಲ್ಲರ ಎದುರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳುತ್ತೇನೆ. ತಪ್ಪು ನನ್ನದು, ಅಮ್ಮ ಹೊಗಳಿ ಬರೆದಿದ್ದರು ಅನ್ನುತ್ತೇನೆ. ಎಲ್ಲಿ ಕಳೆದೆನೋ ಅಲ್ಲೇ ಹುಡುಕಬೇಕಲ್ಲವೇ? ಆ ಮಾತನ್ನು ತೊಳೆದು ಶುಭ್ರ ಮಾಡಿ ಇವರ ಕೈಗೆ ಕೊಡುತ್ತೇನೆ.

ಬೈಯಿರಿ. ಹರಿದು ಹಾಕಿದ ಆ ಮೊದಲ ಕಾಗದವನ್ನೇ ಕಳಿಸಿ.

ಸೊಸೆ


ಮಾರ್ಚ್ 3

ಮಗಳೇ,

ಬೇಡ. ಲ್ಯಾಬಿಗೆ ಹೋಗಬೇಡ. ಈ ಕಾಗದ ತಲುಪುವ ಹೊತ್ತಿಗೆ ನೀನು ಹೋಗಿಯೇ ಬಂದಿರುತ್ತೀಯೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಹೊಲಿದದ್ದು ಬಿಗಿಯಾದರೆ ನಾವು ಗಿರಾಕಿಯನ್ನು ಅಂಗಡಿಯ ನಡುವೆ ನಿಲ್ಲಿಸಿ ಎಲ್ಲಿ ಬಿಗಿಯೆಂದು ನಾಲ್ಕು ಜನಕ್ಕೆ ತೋರಿಸುವುದಿಲ್ಲ. ಪರದೆಯ ಒಳಗೆ ಕರೆಯುತ್ತೇವೆ. ಹೊಲಿಗೆ ಬಿಚ್ಚುತ್ತೇವೆ. ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತೆಗೆದು ಮತ್ತೆ ಹೊಲಿಯುತ್ತೇವೆ. ನೀನು ಮಾತಾಡಬೇಕಾದದ್ದು ಅವನೊಬ್ಬನ ಹತ್ತಿರ. ಊರಿಗೆಲ್ಲ ಅರ್ಥ ಹೇಳಹೊರಟರೆ ಅವನನ್ನು ಎರಡನೇ ಸಲ ತಕ್ಕಡಿಗೆ ಹತ್ತಿಸಿದ ಹಾಗೆ.

ನಿನ್ನೊಬ್ಬಳನ್ನೇ ಅನ್ನುವುದು ಸರಿಯಲ್ಲ. ನೀನು ತೂಕ ಕೇಳಿದೆ, ನನಗೆ ಜಾಣತನ ತೋರಿಸುವ ಹುಕಿ ಬಂತು. ಆ ಸಾಲು ಬರೆದು ನಾನೇ ಮತ್ತೆ ಓದಿ ಖುಷಿಪಟ್ಟೆ. ಗುಂಡಿ ಹಚ್ಚುವ ಹೆಂಗಸಿಗೂ ಓದಿ ಹೇಳಿದೆ, “ಹೇಗಿದೆ ನೋಡು ನಮ್ಮ ಉತ್ತರ” ಅಂತ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿಗೆ ಅದು ಹೇಗೆ ಕೇಳಿಸುತ್ತದೆಂದು ಯೋಚಿಸಲಿಲ್ಲ. ಅವನು ತೂಕದ ಮನುಷ್ಯ ಎಂದು ಬರೆದ ನಾನೇ ಆವತ್ತು ಹಗುರವಾಗಿ ನಡೆದುಕೊಂಡೆ.

ಈ ವಾರವೂ ಅವನ ಕಾಗದವಿಲ್ಲ. ಅಂಚೆಯವನ ಸೈಕಲ್ ಗಂಟೆ ನನಗೆ ಕೇಳಿಸುವುದಿಲ್ಲ, ಅದಕ್ಕೇ ಬಾಗಿಲ ಕಡೆ ಮುಖ ಮಾಡಿ ಮೆಷಿನ್ ಹಾಕಿಸಿಕೊಂಡಿದ್ದೇನೆ.

ನಿನ್ನ ಅತ್ತೆ


ಮಾರ್ಚ್ 10

ಅತ್ತೆ,

ನಿಮ್ಮ ಕಾಗದ ಬಂದಾಗ ತಡವಾಗಿತ್ತು. ನಾನು ಹೋಗಿಬಂದಿದ್ದೆ.

ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಲ್ಯಾಬಿನ ಉದ್ದನೆಯ ಮೇಜಿನ ಮೇಲೆ ಅರ್ಧ ಮುಗಿದ ಹಲ್ಲುಗಳ ಸಾಲು, ಅದರ ನಡುವೆ ನನ್ನ ಕೇಕಿನ ಪೆಟ್ಟಿಗೆ. ಭಾಷಣದ ಹಾಗೆ ಹೇಳಿದೆ. ತೂಕದ ಮನುಷ್ಯ ಅಂದರೆ ಘನವಂತ ಎಂದು ಅರ್ಥ, ನನಗೆ ಭಾಷೆ ಬಾರದೆ ಎಡವಟ್ಟಾಯಿತು ಅಂದೆ. ಕಡ್ಡಿ ಕೇಕ್ ಬಾಯಿಗಿಟ್ಟುಕೊಂಡು, “ಹಾಗಾದ್ರೆ ಅತ್ತಿಗೆ, ನಾವೆಲ್ಲ ಏನು ಹಗುರದ ಮನುಷ್ಯರಾ?” ಅಂದ. ಮತ್ತೆ ನಗು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಇವರು ಬಂದರು, ಕೈಯಲ್ಲಿ ಯಾರದೋ ದವಡೆಯ ಅಚ್ಚು. ನನ್ನನ್ನು ನೋಡಿದರು, ಕೇಕನ್ನು ನೋಡಿದರು. “ಓ, ಬಂದ್ಯಾ. ಎಲ್ಲರಿಗೂ ಕೊಟ್ಯಾ?” ಅಂತ ಕೇಳಿ, ತಾವೂ ಒಂದು ಚೂರು ತಿಂದರು. ನನ್ನ ಮಾನ ಉಳಿಸಲು ತಿಂದರು ಅತ್ತೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲಿನ ವಾರವೆಲ್ಲ ನಾನು ಮನೆಯಲ್ಲಿ ಬೆಕ್ಕಿನ ಹಾಗೆ ಓಡಾಡಿದೆ. ಶನಿವಾರ ನಿಮ್ಮ ಕಾಗದ ಬಂತು. ಪರದೆಯ ಒಳಗೆ ಕರೆಯುತ್ತೇವೆ ಎಂದು ಬರೆದಿದ್ದಿರಲ್ಲ, ಅದನ್ನು ಓದಿ, ಟಿವಿ ಆರಿಸಿ, ಇವರ ಎದುರಿಗೆ ನೆಲದ ಮೇಲೆ ಕೂತೆ. ಅಮ್ಮ ಬರೆದ ಮಾತಿನ ಅರ್ಥ ನನಗೆ ಆಗ ಗೊತ್ತಿರಲಿಲ್ಲ ಅಂದೆ.

“ನಂಗೆ ಗೊತ್ತಿತ್ತು ಕಣೆ” ಅಂದರು. “ನೀನು ಓದಿದಾಗಲೇ ಗೊತ್ತಾಯ್ತು.”

“ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ‘ನಗಬೇಡ್ರಪ್ಪ, ನಾನು ದೊಡ್ಡ ಮನುಷ್ಯ ಅಂತ ನಮ್ಮಮ್ಮ ಬರ್ದಿದಾರೆ’ ಅಂತ ನಾನೇ ಹೇಳ್ಕೊಳ್ಳಲಾ?”

ಆಮೇಲೆ ಇವರೇ ಹೇಳಿದರು, “ನನ್ನ ಮೈ ನೋಡಿ ನಗೋದು ಹೊಸದಲ್ಲ, ಬಿಡು. ಅಮ್ಮ ಯಾವತ್ತೂ ನನ್ನ ಎದುರಿಗೆ ಹೊಗಳಿದೋರಲ್ಲ. ಮೊದಲ್ನೇ ಸಲ ಕೇಳಿದೆ. ಕೇಳೋಕೂ ಬಿಡ್ಲಿಲ್ಲ ನೀವು.”

ಇಷ್ಟೇ ಅತ್ತೆ ಇವರು ಆಡಿದ ಬೈಗುಳ. ಜೋರಾಗಿ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ನೀವು ಆಡಿಕೊಂಡಿರಿ ಎಂದು ಇವರು ಒಂದು ಗಳಿಗೆಯೂ ಅಂದುಕೊಂಡಿರಲಿಲ್ಲ. ನಿಮಗೆ ಕಾಗದ ಬರೆಯದಿದ್ದದ್ದು ಕೂಡ ನನಗಾಗಿಯಂತೆ. “ನಡೆದದ್ದು ಬರೆದ್ರೆ ನಿನ್ನ ಮೇಲೆ ದೂರು ಹೇಳಿದ ಹಾಗೆ. ಬಿಟ್ಟು ಬರೆದ್ರೆ ಅಮ್ಮಂಗೆ ಸುಳ್ಳು ಬರೆದ ಹಾಗೆ. ಅದಕ್ಕೇ ಪೆನ್ನು ಎತ್ತಲಿಲ್ಲ.” ಆ ರಾತ್ರಿಯೇ ಕೂತು ಬರೆದರು. ಅಂಚೆ ಡಬ್ಬಿಗೆ ಹಾಕಲು ನನ್ನ ಕೈಗೇ ಕೊಟ್ಟರು. ನಿಮಗೆ ತಲುಪಿರುತ್ತದೆ. ನಾನು ಬೆಳಕಿಗೂ ಹಿಡಿದು ನೋಡಿಲ್ಲ, ಆಣೆ.

ನಿನ್ನೆ ಬೆಳಿಗ್ಗೆ ಇವರೇ ಎದ್ದು, “ನಡಿ, ಆ ಅಂಗಡಿಗೆ ಹೋಗ್ಬರೋಣ” ಅಂದರು. ಇಬ್ಬರೇ ಹೋದೆವು. ಅಂಗಡಿಯಾತನಿಗೆ ನಮ್ಮ ನೆನಪಿತ್ತು, ನೋಡಿದೊಡನೆ ತುಟಿಯ ಮೂಲೆಯಲ್ಲಿ ನಗು ಬಂತು. ನನ್ನ ಕಾಲು ಬಾಗಿಲಲ್ಲೇ ನಿಂತಿತು. ಇವರು ನಿಲ್ಲಲಿಲ್ಲ. ಮೇಜಿನ ಮೇಲಿದ್ದ ಬಿಲ್ಲಿನ ಹಿಂಬದಿಯನ್ನು ಹರಿದು, ಏನೋ ಬರೆದು, ಎರಡು ಮಡಿಕೆ ಮಡಚಿ ಆತನ ಮುಂದೆ ಸರಿಸಿದರು. “ಇದು ನಂದು. ಇದರ ಮೇಲೆ ಗಾಳ, ಪೆಟ್ಟಿಗೆ, ಊಟದ ಡಬ್ಬಿ, ಸಿಕ್ಕರೆ ಮೀನು. ಎಲ್ಲ ಸೇರಿಸಿ, ಮೇಲೆ ಇನ್ನೂ ಮಿಗೋ ಹಾಗೆ ಯಾವುದಿದೆ ತೋರಿಸಿ.” ಆತ ಚೀಟಿ ಬಿಚ್ಚಿ ನೋಡಿದ. ನಗು ಹೋಯಿತು. “ಆಯ್ತು ಸಾರ್, ಬನ್ನಿ” ಅಂದ. ನಾನು ಆ ಹೊತ್ತಿಗೆ ಲೈಫ್ ಜಾಕೆಟ್ಟುಗಳ ಕಡೆ ತಿರುಗಿ ನಿಂತಿದ್ದೆ. ಆ ಚೀಟಿಯಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಗಲವಾದದ್ದನ್ನೇ ಆರಿಸಿದರು, ಮೇಲೆ ಕೂರುವ ಬಗೆಯದು. “ನಿಧಾನ ಹೋಗುತ್ತೆ ಸಾರ್” ಅಂದರೆ, “ಹೋಗ್ಲಿ, ಓಡೋದು ಮೀನು, ನಾನಲ್ಲ” ಅಂದರು. ಒಂದೇ ಸೀಟು. ಮೊದಲು ತಾವೊಬ್ಬರೇ ಕಲಿಯಬೇಕಂತೆ. ನನಗೆ ಸ್ವಲ್ಪ ಚುಚ್ಚಿತು, ಇಲ್ಲವೆನ್ನುವುದಿಲ್ಲ. ನುಂಗಿಕೊಂಡೆ. ಬಣ್ಣಕ್ಕೆ ಬಂದಾಗ, ಕೆರೆಯ ನೀರಿನಲ್ಲಿ ಬೆರೆತುಹೋಗುವ ಹಸಿರನ್ನು ಕೇಳುತ್ತಾರೆ ಅಂದುಕೊಂಡಿದ್ದೆ. “ಹಳದಿ ಕೊಡಿ. ದೂರದಿಂದ್ಲೇ ಕಾಣ್ಲಿ” ಅಂದರು.

ಈಗ ನಿಮ್ಮ ಪಾಲಿನ ಕೆಲಸ. ನಡುನೀರಿನಲ್ಲಿ ಹಾಕಿಕೊಳ್ಳಲು ತುಂಬು ತೋಳಿನ, ತುಂಬ ಜೇಬುಗಳ ಅಂಗಿ ಬೇಕಂತೆ. ಬಟ್ಟೆ ತೆಗೆದುಕೊಟ್ಟಿದ್ದಾರೆ. “ಅಳತೆ?” ಅಂತ ಕೇಳಬಾರದೆಂದು ನಾನು ಬಾಯಿ ಬಿಗಿಹಿಡಿದು ನಿಂತಿದ್ದೆ. ಇವರೇ, “ಅಮ್ಮಂಗೆ ಗೊತ್ತು” ಅಂದರು.

ಆ ಬಟ್ಟೆ ತೆಗೆದುಕೊಂಡು ನಾನೊಬ್ಬಳೇ ಬರುತ್ತೇನೆ. ಕಾಗದದಲ್ಲಿ ಕ್ಷಮೆ ಕೇಳಿದರೆ ನನಗೇ ಸಾಲದು. ಇದಿರು ನಿಂತೇ ಕೇಳಬೇಕು. ನಿಮಗೆ ಕೇಳಿಸಬೇಕಾದರೆ ಜೋರಾಗಿಯೇ ಹೇಳಬೇಕು ಎನ್ನುವುದೂ ಗೊತ್ತು. ಅಂಗಡಿಯಲ್ಲಿ ಗಿರಾಕಿಗಳಿರಲಿ, ಗುಂಡಿ ಹಚ್ಚುವವರಿರಲಿ, ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲಲಿ. ನನ್ನನ್ನು ಪರದೆಯ ಒಳಗೆ ಕರೆಯಬೇಡಿ.

ಶನಿವಾರ, ಹದಿನೈದನೇ ತಾರೀಕು, ಬೆಳಗಿನ ಪ್ಯಾಸೆಂಜರ್ ರೈಲು.